ಕರುಳಿನ ಕಾಯಿಲೆ ಇರುವವರಿಗೆ ಲಸಿಕೆ: ಯಾರಿಗೆ ಹೇಳುತ್ತಾರೆ, ಯಾರಿಗೆ ಹೇಳುವುದಿಲ್ಲ?

ಹೊಟ್ಟೆಪಾಡು, ವಿಜಯನಗರ

ಈ ಫೋರಂನಲ್ಲಿ ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಅನ್ನುವ ಕರುಳಿನ ಕಾಯಿಲೆ ಇರುವವರು ಸುಮಾರು ಜನ ಇದ್ದೀರಿ. ನಿಮ್ಮಲ್ಲಿ ಫ್ಲೂ ಲಸಿಕೆ ಹಾಕಿಸಿಕೊಂಡವರು ಯಾರು? ನ್ಯುಮೋನಿಯಾದ್ದು? ಹೆಪಟೈಟಿಸ್ ಬಿ? ಹಾಕಿಸಿಕೊಂಡಿದ್ದರೆ, ಹಾಕಿಸಿಕೊಳ್ಳಿ ಅಂತ ಹೇಳಿದ್ದು ಯಾರು? ಇಲ್ಲದಿದ್ದರೆ, ನೀವೇ ಬೇಡ ಅಂದಿರಾ, ಅಥವಾ ಯಾರೂ ಆ ಮಾತೇ ಎತ್ತಲಿಲ್ವಾ?

ಯಾಕೆ ಕೇಳುತ್ತಿದ್ದೇನೆ ಅಂದರೆ, ನನಗೆ ಕೊಲೈಟಿಸ್. ಪಕ್ಕದ ಬೀದಿಯ ಒಬ್ಬ ಹುಡುಗಿಗೆ ಕ್ರೋನ್ಸ್. ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್ ಆಕೆ. ಇಬ್ಬರೂ ನುಂಗುವುದು ಒಂದೇ ಮಾತ್ರೆ, ಅಜಾಥಯೋಪ್ರಿನ್. ನಾನು ತೋರಿಸುವ ಖಾಸಗಿ ಆಸ್ಪತ್ರೆಯಲ್ಲಿ ಮಾತ್ರೆ ಶುರು ಮಾಡುವ ಮೊದಲೇ ಒಂದು ಹಾಳೆ ಕೈಗಿಟ್ಟರು. ಯಾವ ಲಸಿಕೆ, ಯಾವಾಗ, ಯಾವುದನ್ನು ಹಾಕಿಸಲೇಬಾರದು, ಎಲ್ಲ ಅದರಲ್ಲಿತ್ತು. ಮೊನ್ನೆ ಆಕೆಯ ಫೈಲ್ ನೋಡಿದೆ. ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್. ಅದರೊಳಗೆ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೊಲೊನೊಸ್ಕೊಪಿಯ ಬಣ್ಣದ ಫೋಟೊಗಳು, ಸ್ಕ್ಯಾನ್, ರಕ್ತಪರೀಕ್ಷೆ, ಮೊದಲು ಕರುಳಿನ ಟಿಬಿ ಅಂತ ಹೇಳಿ ತಿಂಗಳುಗಟ್ಟಲೆ ಟಿಬಿ ಮಾತ್ರೆ ಕೊಟ್ಟ ಕಾಲದ ಚೀಟಿಗಳು. ಒಂದನ್ನೂ ಕಳೆದಿಲ್ಲ, ದಿನಾಂಕದ ಪ್ರಕಾರ ಜೋಡಿಸಿಟ್ಟಿದ್ದಾಳೆ. ಲಸಿಕೆಯ ಬಗ್ಗೆ ಮಾತ್ರ ಒಂದು ಸಾಲೂ ಇಲ್ಲ. ಕೇಳಿದರೆ, "ಅವೆಲ್ಲ ಮಕ್ಕಳಿಗಲ್ವಾ ಅಕ್ಕಾ?" ಅಂದಳು.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಈ ಕಾಯಿಲೆಗಳಲ್ಲಿ ನಮ್ಮ ರೋಗನಿರೋಧಕ ಶಕ್ತಿಯೇ ನಮ್ಮ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಅದನ್ನು ತಗ್ಗಿಸಲು ಸ್ಟೀರಾಯ್ಡ್, ಅಜಾಥಯೋಪ್ರಿನ್, ಇನ್ಫ್ಲಿಕ್ಸಿಮ್ಯಾಬ್, ಅಡಾಲಿಮ್ಯಾಬ್, ಟೋಫಾಸಿಟಿನಿಬ್ ಇತ್ಯಾದಿ ಕೊಡುತ್ತಾರೆ. ಕರುಳು ತಣ್ಣಗಾಗುತ್ತದೆ. ಜೊತೆಗೆ ಹೊರಗಿನ ಸೋಂಕನ್ನು ತಡೆಯುವ ಶಕ್ತಿಯೂ ತಗ್ಗುತ್ತದೆ. ಫ್ಲೂ ಹೋಗಿ ನ್ಯುಮೋನಿಯಾ ಆಗುವುದು, ಸರ್ಪಸುತ್ತು ಏಳುವುದು, ಮೈಯಲ್ಲಿ ಸುಮ್ಮನಿದ್ದ ಹೆಪಟೈಟಿಸ್ ಬಿ ಮತ್ತೆ ತಲೆಯೆತ್ತುವುದು ನಮ್ಮಂಥವರಲ್ಲಿ ಜಾಸ್ತಿ. ಅದಕ್ಕೇ ಲಸಿಕೆ. ಹೆಪಟೈಟಿಸ್ ಬಿ ಲಸಿಕೆ ಮಾತ್ರ ಆ ಸೋಂಕು ಮೈಗೆ ಹೊಗುವ ಮುಂಚೆಯೇ ಆಗಬೇಕು.

ಲಸಿಕೆಗಳಲ್ಲಿ ಎರಡು ಜಾತಿ. ಫ್ಲೂ ಇಂಜೆಕ್ಷನ್, ನ್ಯುಮೋನಿಯಾ, ಹೆಪಟೈಟಿಸ್ ಬಿ, ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ, ಕೋವಿಶೀಲ್ಡ್, ಕೋವ್ಯಾಕ್ಸಿನ್ ಇವು ಯಾವುವೂ ಮೈಯಲ್ಲಿ ರೋಗವಾಗಿ ಬೆಳೆಯುವಂಥವಲ್ಲ. ಮಾತ್ರೆ ನುಂಗುತ್ತಿದ್ದರೂ ಹಾಕಿಸಿಕೊಳ್ಳಬಹುದು. ದಡಾರ-ಮಂಗನಬಾವಿನ ಎಂಎಂಆರ್, ಅಮ್ಮ, ಸೀತಾಳೆ ಸಿಡುಬು ಅಂತಾರಲ್ಲ ಆ ಚಿಕನ್‌ಪಾಕ್ಸ್ ಲಸಿಕೆ, ಹಳದಿ ಜ್ವರದ್ದು, ಟಿಬಿಯ ಬಿಸಿಜಿ, ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆ, ಇವು ಜೀವಂತ ಲಸಿಕೆಗಳು, ಅಂದರೆ ರೋಗಾಣುವನ್ನು ಸಾಯಿಸದೆ ಬರೀ ಬಲಗುಂದಿಸಿ ಮಾಡಿದವು. ಈ ಔಷಧಿಗಳ ಮೇಲೆ ಇರುವಾಗ ಬೇಡ.

ಇಷ್ಟು ವಿಷಯ ನನ್ನ ಹಾಳೆಯಲ್ಲಿತ್ತು. ಇಂಗ್ಲಿಷಿನಲ್ಲಿ.

ಬಸವನಗುಡಿ ಬೆಂಚು

ನನಗೆ 63. ಬ್ಯಾಂಕಿನಿಂದ ನಿವೃತ್ತ. ಕೊಲೈಟಿಸ್ ಬಂದು ಬಹಳ ವರ್ಷವಾಯಿತು. ಫ್ಲೂ ಪ್ರತಿ ವರ್ಷ ಹಾಕಿಸುತ್ತೇನೆ, ನ್ಯುಮೋನಿಯಾದ್ದೂ ಆಗಿದೆ. ಹೇಳಿದ್ದು ನನ್ನ ಡಾಕ್ಟರ್ ಅಲ್ಲ, ಮಗಳು. ಅವಳು ಹೊರದೇಶದಲ್ಲಿದ್ದಾಳೆ, ಅಲ್ಲಿಂದ ಫೋನ್ ಮಾಡಿ ಮಾಡಿ ತಲೆ ತಿಂದಳು.

ಸರ್ಪಸುತ್ತಿನ ಮಾತು ಬಂತಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಟೋಫಾಸಿಟಿನಿಬ್ ತೆಗೆದುಕೊಳ್ಳುತ್ತಿದ್ದಾಗ ನನಗೆ ಸೊಂಟದ ಸುತ್ತ ಬಂತು. ಮನೆಯವರು ಮೊದಲು ಕೆಮ್ಮಣ್ಣು ಹಚ್ಚಿಸಿಕೊಂಡು ಬರೋಣ ಅಂದರು. ಹಚ್ಚಿಸಿಕೊಂಡೆ, ತಂಪಾಗಿತ್ತು, ಅಷ್ಟೇ. ಗುಳ್ಳೆ ಒಣಗಿದ ಮೇಲೂ ಬನಿಯನ್ ತಾಗಿದರೆ ಉರಿ. ಆಮೇಲೆ ಗೊತ್ತಾಯಿತು, ಆ ಮಾತ್ರೆಯಲ್ಲಿ ಸರ್ಪಸುತ್ತಿನ ಅಪಾಯ ಜಾಸ್ತಿ, ಅದಕ್ಕೆ ಶಿಂಗ್ರಿಕ್ಸ್ ಅನ್ನುವ ಲಸಿಕೆ ಇದೆ ಅಂತ. ಜೀವಂತ ಲಸಿಕೆಯಲ್ಲ, ಎರಡು ಡೋಸ್. ಭಾರತಕ್ಕೆ ಬಂದದ್ದು 2023ರಲ್ಲಿ. ಒಂದು ಡೋಸಿಗೇ ಹತ್ತು ಸಾವಿರದ ಆಸುಪಾಸು. ಪೆನ್ಷನ್ ಇರುವ ನಾನೇ ಒಂದು ತಿಂಗಳು ಮುಂದಕ್ಕೆ ಹಾಕಿದೆ. ನಿಮ್ಮ ಟೈಲರ್ ಹುಡುಗಿ ಏನು ಮಾಡಬೇಕು?

ನನ್ನ ಹೆಲ್ತ್ ಇನ್ಶೂರೆನ್ಸ್‌ನವರು ಒಂದು ರೂಪಾಯಿಯನ್ನೂ ಕೊಡಲಿಲ್ಲ. ಐಸಿಯುನಲ್ಲಿ ಮಲಗಿದರೆ ಲಕ್ಷ ಕೊಡುತ್ತಾರೆ, ಮಲಗದ ಹಾಗೆ ನೋಡಿಕೊಳ್ಳುತ್ತೇನೆ ಅಂದರೆ ಕೊಡುವುದಿಲ್ಲ.

ಸುಮ್ನೆ ಕೇಳ್ದೆ

ಒಂದು ಡೌಟು. ನಮ್ಮದು ರೋಗನಿರೋಧಕ ಶಕ್ತಿ ಕೆರಳಿ ಬರುವ ಕಾಯಿಲೆ. ಲಸಿಕೆ ಮಾಡುವುದೂ ಅದನ್ನು ಕೆರಳಿಸುವ ಕೆಲಸವೇ. ಹಾಗಾದರೆ ಬೆಂಕಿಗೆ ತುಪ್ಪ ಸುರಿದ ಹಾಗಲ್ವಾ? ಕೋವಿಡ್ ಎರಡನೇ ಡೋಸ್ ಆದ ಮೇಲೆ ನನಗೆ ಮತ್ತೆ ರಕ್ತ ಬೀಳಲು ಶುರುವಾಯಿತು. ಅದಕ್ಕೇ ಆಮೇಲೆ ಯಾವ ಸೂಜಿಯನ್ನೂ ಹತ್ತಿರ ಸೇರಿಸಿಲ್ಲ. ಇಲ್ಲಿ ಎಲ್ಲರೂ ಹಾಕಿಸಿ ಹಾಕಿಸಿ ಅಂತಿದ್ದೀರಿ, ನನ್ನಂಥವರ ಅನುಭವಕ್ಕೆ ಬೆಲೆ ಇಲ್ವಾ?

ನೈಟ್ ಡ್ಯೂಟಿ

ನಾನು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಗ್ಯಾಸ್ಟ್ರೊ, ಅಂದರೆ ಹೊಟ್ಟೆ-ಕರುಳಿನ ಕಾಯಿಲೆಗಳ ಓಪಿಡಿಯಲ್ಲೂ ಕೆಲಸ ಮಾಡಿದ್ದೇನೆ.

ಸುಮ್ನೆ ಕೇಳ್ದೆ ಅವರೇ, ನಿಮ್ಮ ಅನುಭವಕ್ಕೆ ಖಂಡಿತ ಬೆಲೆ ಇದೆ. ಆ ಭಯ ಓಪಿಡಿಯಲ್ಲಿ ದಿನಾ ಕೇಳುತ್ತೇನೆ. ಆದರೆ ಈ ಕಾಯಿಲೆ ಲಸಿಕೆ ಇದ್ದರೂ ಇಲ್ಲದಿದ್ದರೂ ಆಗಾಗ ಕೆರಳುವಂಥದ್ದು. ಲಸಿಕೆ ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ಪಕ್ಕಪಕ್ಕ ಇಟ್ಟು ನೋಡಿದ ಅಧ್ಯಯನಗಳಲ್ಲಿ, ಲಸಿಕೆಯಿಂದ ಕಾಯಿಲೆ ಹೆಚ್ಚು ಕೆರಳುತ್ತದೆ ಅಂತ ಕಂಡಿಲ್ಲ. ಫ್ಲೂಗೂ ಹಾಗೇ, ಕೋವಿಡ್‌ಗೂ ಹಾಗೇ. ಆ ಸಮಯದಲ್ಲಿ ನೀವು ಮಾತ್ರೆ ಬಿಟ್ಟಿದ್ದಿರಾ? ತುಂಬಾ ಜನ ಲಸಿಕೆ ಹಾಕಿಸುವ ಮುಂಚೆ ತಾವೇ ಮಾತ್ರೆ ನಿಲ್ಲಿಸುತ್ತಾರೆ. ಅದು ಮಾಡಬಾರದು.

ಈಗ ಮೂಲ ಪ್ರಶ್ನೆಗೆ. ಬೆಳಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆದರೆ ಮೆಟ್ಟಿಲವರೆಗೂ ಸಾಲು. ಕೋಲಾರ, ಚಿಕ್ಕಬಳ್ಳಾಪುರ, ಮಾಗಡಿಯಿಂದ ಮೊದಲ ಬಸ್ಸಿಗೆ ಬಂದವರು. ಡಾಕ್ಟರಿಗೆ ಒಬ್ಬೊಬ್ಬರಿಗೆ ಸಿಗುವ ಸಮಯದಲ್ಲಿ ಭೇದಿ ಎಷ್ಟು ಸಲ, ರಕ್ತ ಇದೆಯಾ, ತೂಕ ಇಳಿದಿದೆಯಾ ಕೇಳಿ ಮಾತ್ರೆ ಬರೆಯುವುದೇ ದೊಡ್ಡದು. ಗ್ಯಾಸ್ಟ್ರೊದವರು ಲಸಿಕೆ ಅಂದರೆ ಮನೆ ಹತ್ತಿರದ ಡಾಕ್ಟರ್ ನೋಡಿಕೊಳ್ಳುತ್ತಾರೆ ಅಂದುಕೊಳ್ಳುತ್ತಾರೆ. ಮನೆ ಹತ್ತಿರದವರು, ದೊಡ್ಡ ಡಾಕ್ಟರ್ ಕೊಟ್ಟ ಮಾತ್ರೆ, ನಾವು ಯಾಕೆ ಕೈ ಹಾಕಬೇಕು ಅನ್ನುತ್ತಾರೆ. ಇಬ್ಬರೂ ಕೆಟ್ಟವರಲ್ಲ. ಮಧ್ಯೆ ರೋಗಿ ಮಾತ್ರ ಖಾಲಿ ಕೈ.

ಇನ್ನೊಂದು ವಿಷಯ ಜನರಿಗೆ ಗೊತ್ತಿಲ್ಲ. ಸರ್ಕಾರದ ಲಸಿಕೆ ಕಾರ್ಯಕ್ರಮ ಇರುವುದು ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ. ದೊಡ್ಡವರ ಫ್ಲೂ, ನ್ಯುಮೋನಿಯಾ, ಸರ್ಪಸುತ್ತು ಅದರಲ್ಲಿ ಬರುವುದಿಲ್ಲ. ಹೆಪಟೈಟಿಸ್ ಬಿ ಮಕ್ಕಳ ಪಟ್ಟಿಗೆ ದೇಶಾದ್ಯಂತ ಸೇರಿದ್ದೇ 2011ರಲ್ಲಿ. ಅಂದರೆ ಸರ್ಕಾರಿ ಲಸಿಕೆಯಲ್ಲಿ ಬೆಳೆದು ಈಗ ಇಪ್ಪತ್ತು ದಾಟಿದ ಹೆಚ್ಚಿನವರಿಗೆ ಅದು ಆಗಿಲ್ಲ. ನಮ್ಮ ರೋಗಿಗಳಲ್ಲಿ ಹೆಚ್ಚಿನವರು ಆ ವಯಸ್ಸಿನವರೇ. ಈ ಕಾಯಿಲೆ ಹೆಚ್ಚಾಗಿ ಶುರುವಾಗುವುದು ಹದಿನೈದರಿಂದ ಮೂವತ್ತೈದರ ನಡುವೆ.

ಎಡಿಸನ್ ಕನ್ನಡಿಗ, ನ್ಯೂಜೆರ್ಸಿ

ಮೂಲ ಊರು ರಾಜಾಜಿನಗರ, ನನಗೂ ಕ್ರೋನ್ಸ್. ಅಮೆರಿಕದಲ್ಲಿ ಎಲ್ಲ ಸರಿಯಿದೆ ಅಂದುಕೊಳ್ಳಬೇಡಿ. ಇಲ್ಲಿ ಫ್ಲೂ ಲಸಿಕೆ ಬಿಳಿಯರಲ್ಲಿ ಜಾಸ್ತಿ, ಕಪ್ಪು ಜನರಲ್ಲಿ ಮತ್ತು ಹಿಸ್ಪಾನಿಕ್ ಜನರಲ್ಲಿ ಕಡಿಮೆ. ಇದು ವರ್ಷ ವರ್ಷ ಸರ್ಕಾರದ ಅಂಕಿಅಂಶಗಳಲ್ಲೇ ಬರುತ್ತದೆ. ಕರುಳಿನ ಕಾಯಿಲೆ ಇರುವವರನ್ನು ಮಾತ್ರ ನೋಡಿದರೂ ಅದೇ ಬಿರುಕು. ವಯಸ್ಸು ಚಿಕ್ಕದಿದ್ದಷ್ಟೂ ಕಡಿಮೆ. ಇನ್ಶೂರೆನ್ಸ್ ಯಾವುದು, ಕಾಯಂ ಫ್ಯಾಮಿಲಿ ಡಾಕ್ಟರ್ ಇದ್ದಾರಾ ಇಲ್ವಾ ಅನ್ನುವುದರ ಮೇಲೂ ನಿಂತಿರುತ್ತದೆ.

ಮೊದಲೆಲ್ಲ ಇದನ್ನು "ಅವರಿಗೆ ನಂಬಿಕೆ ಇಲ್ಲ" ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ನಂಬಿಕೆ ಇಲ್ಲದಿರಲು ಕಾರಣವೂ ಇದೆ. ಅಲಬಾಮಾದ ಟಸ್ಕೀಗಿಯಲ್ಲಿ ಸರ್ಕಾರದ ಆರೋಗ್ಯ ಇಲಾಖೆಯವರೇ 1932ರಿಂದ 1972ರವರೆಗೆ ಕಪ್ಪು ಗಂಡಸರಿಗೆ ಸಿಫಿಲಿಸ್ ಇದ್ದರೂ ಚಿಕಿತ್ಸೆ ಕೊಡದೆ ನೋಡುತ್ತಾ ಕೂತಿದ್ದರು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಅಂಥದ್ದು ಮೊಮ್ಮಕ್ಕಳಿಗೂ ನೆನಪಿರುತ್ತದೆ. ಆದರೆ ಎಲ್ಲವನ್ನೂ ಅದರ ತಲೆಗೆ ಕಟ್ಟುವುದು ಸೋಮಾರಿತನ. ಡಾಕ್ಟರ್ ಬಾಯಿಬಿಟ್ಟು "ಹಾಕಿಸಿಕೊಳ್ಳಿ" ಅಂದರೆ ಹಾಕಿಸಿಕೊಳ್ಳುವವರು ಜಾಸ್ತಿ. ಆ ಮಾತು ಎಲ್ಲರ ಕಿವಿಗೂ ಒಂದೇ ಥರ ಬೀಳುವುದಿಲ್ಲ.

ಒಂದು ವ್ಯತ್ಯಾಸ ಅಂದರೆ ಇಲ್ಲಿ ಯಾರು ಯಾವ ಜನಾಂಗ, ಯಾವ ಲಸಿಕೆ ಆಗಿದೆ ಎಲ್ಲ ಕಂಪ್ಯೂಟರಿನಲ್ಲಿ ಇರುತ್ತದೆ. ಅದಕ್ಕೇ ಬಿರುಕು ಕಣ್ಣಿಗೆ ಕಾಣುತ್ತದೆ.

ನೈಟ್ ಡ್ಯೂಟಿ

ನಾನು ಕೂತ ಓಪಿಡಿಯ ರಿಜಿಸ್ಟರಿನಲ್ಲಿ ಲಸಿಕೆ ಅನ್ನುವ ಕಾಲಮ್ಮೇ ಇರಲಿಲ್ಲ. ಬಿರುಕು ಕಾಣುವುದು ಎಲ್ಲಿಂದ ಬಂತು ಸಾರ್.

ರಾಗಿಮುದ್ದೆ ರೈಡರ್, ಕೆಂಗೇರಿ

ಗುರು ನಾನು ಫುಡ್ ಡೆಲಿವರಿ ಮಾಡುವವನು. ಕೊಲೈಟಿಸ್ ಇದೆ, ಈಗ ಸ್ಟೀರಾಯ್ಡ್ ಮಾತ್ರೆ ನಡೆಯುತ್ತಿದೆ. ಫ್ಲೂ ಲಸಿಕೆ ಬಗ್ಗೆ ಇವತ್ತೇ ಮೊದಲ ಸಲ ಓದುತ್ತಿರುವುದು. ಆದರೆ ನಾಯಿ ಕಚ್ಚಿದ ಇಂಜೆಕ್ಷನ್ ಪೂರ್ತಿ ಹಾಕಿಸಿಕೊಂಡಿದ್ದೇನೆ. ರಾತ್ರಿ ಹನ್ನೊಂದರ ಆರ್ಡರು, ಗಲ್ಲಿಯಲ್ಲಿ ನಾಲ್ಕು ನಾಯಿ. ಇನ್ನೇನಾಗುತ್ತೆ. ಸರ್ಕಾರಿ ಆಸ್ಪತ್ರೆಗೆ ಹೋದೆ, ಫ್ರೀ ಆಗಿ ಹಾಕಿದರು. ಸ್ಟೀರಾಯ್ಡ್ ವಿಷಯ ಅವರೂ ಕೇಳಲಿಲ್ಲ, ಹೇಳಬೇಕು ಅಂತ ನನಗೂ ಗೊತ್ತಿರಲಿಲ್ಲ. ಏನಾದರೂ ತೊಂದರೆ ಇದೆಯಾ?

ನೈಟ್ ಡ್ಯೂಟಿ

ತಮ್ಮಾ, ರೇಬಿಸ್ ಲಸಿಕೆ ಜೀವಂತ ಲಸಿಕೆಯಲ್ಲ, ಭಯಬೇಡ. ಆದರೆ ಮುಂದಿನ ಸಲ (ಬರದಿರಲಿ) ಚೀಟಿ ಮಾಡಿಸುವಾಗಲೇ "ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಗೊಳ್ತಿದೀನಿ" ಅಂತ ಹೇಳು. ನಿನ್ನಂಥವರಿಗೆ ಲೆಕ್ಕ ಬೇರೆ. ಸಾಮಾನ್ಯ ಜನರಿಗೆ ಮುಖ್ಯವಾಗಿ ಚರ್ಮ ಹರಿದು ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲೊಬ್ಯುಲಿನ್ (ತಕ್ಷಣ ಕಾಯುವ ಸಿದ್ಧ ಆಂಟಿಬಾಡಿ) ಕೊಡುತ್ತಾರೆ. ಈ ಮಾತ್ರೆಗಳ ಮೇಲೆ ಇರುವವರಿಗೆ ಬರೀ ತರಚಿದ್ದರೂ ಕೊಡಬೇಕು. ಲಸಿಕೆಯನ್ನು ಚರ್ಮದೊಳಗೆ ಚುಚ್ಚುವ ಬದಲು ಸ್ನಾಯುವಿಗೆ ಕೊಡಬೇಕು. ಹಾಕಿಸಿಕೊಂಡ ಚೀಟಿ ಇದ್ದರೆ ನಿನ್ನ ಗ್ಯಾಸ್ಟ್ರೊ ಡಾಕ್ಟರಿಗೆ ತೋರಿಸು. ಗಾಯವನ್ನು ಸೋಪು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯುವುದು ಎಲ್ಲರಿಗೂ ಒಂದೇ.

ಹೊಟ್ಟೆಪಾಡು, ವಿಜಯನಗರ

ರೈಡರ್ ಹೇಳಿದ್ದು ನೋಡಿ. ನಾಯಿ ಕಚ್ಚಿದರೆ ಸೂಜಿ ಹಾಕಿಸಬೇಕು ಅಂತ ಬೆಂಗಳೂರಿನಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಎಲ್ಲಿ ಹಾಕುತ್ತಾರೆ ಅಂತ ಪಕ್ಕದ ಬೀಡಾ ಅಂಗಡಿಯವನೂ ಹೇಳುತ್ತಾನೆ. ದುಡ್ಡು ಕೊಡಬೇಕಿಲ್ಲ. ಹಾಗಾಗಿ ಐಟಿಯವರೂ ಹಾಕಿಸುತ್ತಾರೆ, ಪೌರಕಾರ್ಮಿಕರೂ ಹಾಕಿಸುತ್ತಾರೆ. ಅದೇ ಜನರನ್ನು ಫ್ಲೂ ಲಸಿಕೆಗೆ ಬಂದಾಗ "ಅರಿವಿಲ್ಲ, ಹಿಂಜರಿಯುತ್ತಾರೆ" ಅನ್ನುತ್ತೇವೆ. ಹಿಂಜರಿಯಲು ಮೊದಲು ಯಾರಾದರೂ ಕೇಳಬೇಕಲ್ವಾ?

ನನಗಂತೂ ಅನಿಸುವುದು ಇಷ್ಟು. ಬೆಂಗಳೂರಿನಲ್ಲಿ ನಮ್ಮ ಕಾಯಿಲೆಯವರಿಗೆ ಲಸಿಕೆ ಸಿಗುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವುದು ಅವರ ಅಪಾಯ ಎಷ್ಟು ಅನ್ನುವುದಲ್ಲ, ಅವರು ಯಾವ ಬಾಗಿಲಿನಿಂದ ಆಸ್ಪತ್ರೆಗೆ ಹೋದರು ಅನ್ನುವುದು. ಆ ಹುಡುಗಿ ಕೂರುವುದು ಸಾಲು ಸಾಲು ಮೆಷಿನ್ ಇರುವ ಹಾಲಿನಲ್ಲಿ. ಒಬ್ಬರಿಗೆ ಜ್ವರ ಬಂದರೆ ವಾರದಲ್ಲಿ ಇಡೀ ಲೈನಿಗೆ ಬರುತ್ತದೆ. ನಾನು ಅರ್ಧ ವಾರ ಮನೆಯಲ್ಲೇ ಕೂತು ಲ್ಯಾಪ್‌ಟಾಪ್ ಕುಟ್ಟುತ್ತೇನೆ. ಲಸಿಕೆ ಯಾರಿಗೆ ಮೊದಲು ಬೇಕಿತ್ತು?

ಸುಮ್ನೆ ಕೇಳ್ದೆ

ಸಿಸ್ಟರ್, ಹೌದು, ಆಗ ನಾನು ಮಾತ್ರೆ ಬಿಟ್ಟಿದ್ದೆ. ವಾಟ್ಸಾಪ್‌ನಲ್ಲಿ ಯಾರೋ ಹಾಕಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ಆದರೂ ನನಗೆ ಪೂರ್ತಿ ಒಪ್ಪಿಗೆ ಇಲ್ಲ, ಯೋಚನೆ ಮಾಡುತ್ತೇನೆ.

ಕೋವಿಡ್ ಸಮಯದ ಒಂದು ವಿಷಯ ಹೇಳಬೇಕು. 2021ರ ಮಾರ್ಚ್ 1ರಿಂದ 45 ದಾಟಿದ, ಬೇರೆ ಕಾಯಿಲೆ ಇರುವವರಿಗೆ ಲಸಿಕೆ ಶುರುವಾಯಿತು. ಆ ಕಾಯಿಲೆಗಳ ಪಟ್ಟಿಯಲ್ಲಿ ಸ್ಟೀರಾಯ್ಡ್ ಮತ್ತು ನಮ್ಮ ಥರದ ಮಾತ್ರೆಗಳೂ ಇದ್ದವು. ಓದಿ ಖುಷಿಪಟ್ಟೆ. ನನಗೆ ಆಗ 29. ಮಾತ್ರೆ ಅದೇ, ಅಪಾಯ ಅದೇ, ವಯಸ್ಸು ಮಾತ್ರ ಸಾಲದು. ಮೇ 1ಕ್ಕೆ 18 ದಾಟಿದ ಎಲ್ಲರಿಗೂ ಅಂದರು, ಎರಡು ವಾರದೊಳಗೆ ರಾಜ್ಯದಲ್ಲಿ ಲಸಿಕೆಯೇ ಸಾಲದೆ ನಮ್ಮ ವಯಸ್ಸಿನವರಿಗೆ ನಿಲ್ಲಿಸಿದರು. ಸರ್ಕಾರದ ಲಸಿಕೆ ಬುಕಿಂಗ್ ತಾಣ ಕೋವಿನ್‌ನಲ್ಲಿ ಸ್ಲಾಟ್ ಹಿಡಿಯಲು ಬೆರಳು ಚುರುಕಿರಬೇಕು, ಇಂಗ್ಲಿಷ್ ಬರಬೇಕು. ಅದರಲ್ಲಿ ಕನ್ನಡ ಬಂದದ್ದು ಜೂನ್‌ನಲ್ಲಿ. ಖಾಸಗಿಯಲ್ಲಿ ಕೋವಿಶೀಲ್ಡ್ 780 ರೂಪಾಯಿ, ಕೋವ್ಯಾಕ್ಸಿನ್ 1,410. ಕೊನೆಗೆ ಬೀದಿ ಬೀದಿಗೆ ಬಂದು ಫ್ರೀ ಹಾಕಿದ ಮೇಲೆ ಎಲ್ಲರಿಗೂ ಆಯಿತು, ಅದನ್ನೂ ಒಪ್ಪುತ್ತೇನೆ.

ಸೀಮಂತ ಮುಗೀತು, ಯಲಹಂಕ

ಎಲ್ಲರಿಗೂ ನಮಸ್ಕಾರ. ನನಗೆ ಕ್ರೋನ್ಸ್, ಅಡಾಲಿಮ್ಯಾಬ್ ಇಂಜೆಕ್ಷನ್ ನಡೆಯುತ್ತಿದೆ, ಈಗ ಎಂಟನೇ ತಿಂಗಳು. ಹೆರಿಗೆಗೆ ತವರಿಗೆ ಹೋಗುತ್ತೇನೆ, ಶಿರಾ ಹತ್ತಿರ. ಮಗುವಿಗೆ ಹುಟ್ಟಿದ ತಕ್ಷಣ ಹಾಕುವ ಲಸಿಕೆಗಳ ಬಗ್ಗೆ ಏನಾದರೂ ನೋಡಿಕೊಳ್ಳಬೇಕಾ? ಇಲ್ಲಿನ ಡಾಕ್ಟರ್ "ಆಮೇಲೆ ಮಾತಾಡೋಣ" ಅಂದರು. ಆಮೇಲೆ ಅಂದರೆ ನಾನು ಇಲ್ಲಿ ಇರುವುದಿಲ್ಲ.

ಮಕ್ಕಳ ಡಾಕ್ಟ್ರು

ಮೇಡಂ, ಇದನ್ನು ಮುಂದಕ್ಕೆ ಹಾಕಬೇಡಿ. ಈ ಇಡೀ ಚರ್ಚೆಯಲ್ಲಿ ಅತಿ ಮುಖ್ಯವಾದದ್ದು ನಿಮ್ಮ ಪ್ರಶ್ನೆಯೇ.

ಅಡಾಲಿಮ್ಯಾಬ್, ಇನ್ಫ್ಲಿಕ್ಸಿಮ್ಯಾಬ್ ಥರದ ಔಷಧಿಗಳು ಕೊನೆಯ ತಿಂಗಳುಗಳಲ್ಲಿ ಮಾಸು ದಾಟಿ ಮಗುವಿನ ರಕ್ತಕ್ಕೆ ಹೋಗುತ್ತವೆ. ಹುಟ್ಟಿದ ಮೇಲೂ ತಿಂಗಳುಗಟ್ಟಲೆ ಅಲ್ಲೇ ಇರುತ್ತವೆ. ನಮ್ಮ ದೇಶದಲ್ಲಿ ಮಗು ಹುಟ್ಟಿದ ಕೂಡಲೇ ಬಿಸಿಜಿ ಹಾಕುತ್ತಾರೆ. ಅದು ಜೀವಂತ ಲಸಿಕೆ. ತಾಯಿ ಗರ್ಭಿಣಿಯಾಗಿದ್ದಾಗ ಇನ್ಫ್ಲಿಕ್ಸಿಮ್ಯಾಬ್ ತೆಗೆದುಕೊಂಡಿದ್ದ ಒಂದು ಮಗುವಿಗೆ ಮೂರು ತಿಂಗಳಲ್ಲಿ ಬಿಸಿಜಿ ಹಾಕಿ, ಅದು ಮೈಯೆಲ್ಲ ಹರಡಿ ಮಗು ತೀರಿಕೊಂಡ ಪ್ರಕರಣ 2010ರಲ್ಲಿ ಬ್ರಿಟನ್ನಿನಿಂದ ವರದಿಯಾಗಿದೆ. ಅದಕ್ಕೇ ಕನಿಷ್ಠ ಆರು ತಿಂಗಳು ಬಿಸಿಜಿ ಬೇಡ ಅನ್ನುತ್ತಾರೆ. ಹುಟ್ಟಿದಾಗ ಹಾಕುವ ಪೋಲಿಯೊ ಹನಿಯೂ ಜೀವಂತವೇ. ಬದಲಿಗೆ ಇಂಜೆಕ್ಷನ್ ರೂಪದ ಪೋಲಿಯೊ ಲಸಿಕೆ ಇದೆ. ಆರನೇ ವಾರದ ರೋಟಾವೈರಸ್ ಹನಿಯನ್ನು ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿಯೇ ಹಾಕಿಸಿ. ಹುಟ್ಟಿದಾಗಿನ ಹೆಪಟೈಟಿಸ್ ಬಿ, ಆಮೇಲಿನ ಐದು ರೋಗಗಳ ಪೆಂಟಾವೇಲೆಂಟ್ ಮುಂತಾದವು ತಪ್ಪಿಸುವ ಹಾಗಿಲ್ಲ, ಆಯಾ ದಿನಕ್ಕೇ ಆಗಬೇಕು. ಎದೆಹಾಲು ಧಾರಾಳವಾಗಿ ಕೊಡಿ. ಹೆದರಿ ನಿಮ್ಮ ಇಂಜೆಕ್ಷನ್ ನೀವೇ ನಿಲ್ಲಿಸಬೇಡಿ. ರೋಗನಿರೋಧಕ ಶಕ್ತಿ ತಗ್ಗಿಸದ ಮೆಸಲಮೈನ್ ಮಾತ್ರೆಯನ್ನಷ್ಟೇ ತೆಗೆದುಕೊಳ್ಳುವ ತಾಯಂದಿರ ಮಕ್ಕಳಿಗೆ ಬಿಸಿಜಿ, ಹನಿಗಳ ಈ ತಡೆ ಅನ್ವಯಿಸುವುದಿಲ್ಲ.

ತವರಿಗೆ ಹೋಗುವ ಮುಂಚೆ ತಾಯಿ ಕಾರ್ಡಿನ ಮೇಲೆ ಕೆಂಪು ಇಂಕಿನಲ್ಲಿ ಬರೆಸಿಕೊಳ್ಳಿ: "ತಾಯಿಗೆ ಅಡಾಲಿಮ್ಯಾಬ್ ನಡೆಯುತ್ತಿದೆ. ಮಗುವಿಗೆ ಡಾಕ್ಟರನ್ನು ಕೇಳದೆ ಬಿಸಿಜಿ ಹಾಕಬಾರದು." ಹೆರಿಗೆ ವಾರ್ಡಿನಲ್ಲಿ ಸಿಸ್ಟರ್‌ಗಳು ಡಿಸ್ಚಾರ್ಜ್‌ಗೆ ಮೊದಲು ಬಿಸಿಜಿ ಹಾಕುವುದು ರೂಢಿ. ಅವರ ಕೆಲಸ ಅವರು ಸರಿಯಾಗೇ ಮಾಡುತ್ತಾರೆ, ನಿಮ್ಮ ಔಷಧಿ ಅವರಿಗೆ ಗೊತ್ತಿರುವುದಿಲ್ಲ. ನಿಮ್ಮ ತಾಯಿಗೂ, ಯಜಮಾನರಿಗೂ ಇದನ್ನು ಹೇಳಿಕೊಡಿ. ಆ ಹೊತ್ತಿನಲ್ಲಿ ನೀವು ಮಾತಾಡುವ ಸ್ಥಿತಿಯಲ್ಲಿ ಇರದೆ ಹೋಗಬಹುದು.

ಸೀಮಂತ ಮುಗೀತು, ಯಲಹಂಕ

ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ಅಮ್ಮನಿಗೆ ಈಗಲೇ ಫೋನ್ ಮಾಡಿದೆ. "ಎಲ್ಲ ಮಕ್ಕಳಿಗೂ ಹಾಕಲ್ವಾ, ನಿನಗೂ ಹಾಕಿಸಿದ್ದೆ, ತೋಳಿನ ಮೇಲೆ ಗುರುತು ಇಲ್ವಾ" ಅಂತ ಜಗಳ ಆಡಿದರು. ಕಾರ್ಡಿನ ಮೇಲೆ ಡಾಕ್ಟರ್ ಸೀಲ್ ಇದ್ದರೆ ಒಪ್ಪುತ್ತಾರಂತೆ.

ಮಲ್ಲೇಶ್ವರದ ಮಳೆ

ಹೆಣ್ಣುಮಕ್ಕಳ ಕಡೆಯಿಂದ ಇನ್ನೊಂದು. ಈ ಮಾತ್ರೆಗಳ ಮೇಲೆ ವರ್ಷಗಟ್ಟಲೆ ಇರುವವರಿಗೆ ಎಚ್‌ಪಿವಿ ಸೋಂಕು ಸುಲಭವಾಗಿ ಹೋಗುವುದಿಲ್ಲ, ಗರ್ಭಕಂಠದ ಕ್ಯಾನ್ಸರ್ ವಿಷಯದಲ್ಲಿ ಹುಷಾರಾಗಿರಬೇಕು ಅನ್ನುತ್ತಾರೆ. ನನಗೆ 24, ಮದುವೆಯಾಗಿಲ್ಲ. ಅದೇ ಕಾರಣಕ್ಕೆ ಯಾರೂ ಆ ವಿಷಯ ಎತ್ತಲೇ ಇಲ್ಲ ಅಂತ ನನ್ನ ಅನುಮಾನ. ನಾನೇ ಕೇಳಿದಾಗ ಡಾಕ್ಟರ್‌ಗಿಂತ ಪಕ್ಕದಲ್ಲಿ ಕೂತಿದ್ದ ಅಪ್ಪನೇ ಹೆಚ್ಚು ಮುಜುಗರಪಟ್ಟರು. ಸೀರಂ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್ 2023ರಲ್ಲಿ ಬಂದ ಮೇಲೆ ಬೆಲೆ ಸ್ವಲ್ಪ ಕೈಗೆಟುಕುವ ಹಾಗಾಗಿದೆ, ಡೋಸಿಗೆ 2,000ದ ಸುತ್ತಮುತ್ತ. ನಮ್ಮಂಥವರಿಗೆ ಮೂರು ಡೋಸ್ ಬೇಕು.

ನಮ್ಮ ಮನೆಯಲ್ಲಿ ಅಪ್ಪನ ಬಿಪಿ ಮಾತ್ರೆ ಒಂದು ದಿನ ತಪ್ಪುವುದಿಲ್ಲ. ಅಮ್ಮನಿಗೂ ಕೊಲೈಟಿಸ್ ಇದೆ, ಅವರ ಫ್ಲೂ ಲಸಿಕೆ "ಮುಂದಿನ ತಿಂಗಳು ನೋಡೋಣ" ಆಗಿ ಎಷ್ಟು ಕಾಲವಾಯಿತೋ.

ಬಸವನಗುಡಿ ಬೆಂಚು

ಎಲ್ಲ ಸರಿ. ಆದರೆ ಹೇಳಿ ಪ್ರಯೋಜನ ಏನು ಅಂತ ಒಮ್ಮೊಮ್ಮೆ ಅನಿಸುತ್ತದೆ. ಪರಿಚಯದ ಡಾಕ್ಟರೊಬ್ಬರು ಹೇಳಿದರು, "ಸ್ಕ್ಯಾನ್‌ಗೇ ಸಾಲ ಮಾಡಿ ಬಂದವರಿಗೆ ಇನ್ನು ಆರೇಳು ಸಾವಿರದ ಲಸಿಕೆ ಬರೆದರೆ, ಅವರು ಲಸಿಕೆಯನ್ನೂ ಹಾಕಿಸಲ್ಲ, ನನ್ನ ಹತ್ತಿರ ಬರೋದನ್ನೂ ಬಿಡ್ತಾರೆ." ಅದೂ ನಿಜ ಅಲ್ವಾ?

ನೈಟ್ ಡ್ಯೂಟಿ

ಅರ್ಧ ನಿಜ ಸಾರ್. ರೋಗಿಗೆ ದುಡ್ಡು ಕೊಡಲಾಗುವುದಿಲ್ಲ ಅಂತ ಡಾಕ್ಟರೇ ತೀರ್ಮಾನ ಮಾಡುವುದು ಸರಿಯಲ್ಲ. ಹೇಳಲಿ, ಯಾವುದು ಮೊದಲು ಅಂತಲೂ ಹೇಳಲಿ. ಹೆಪಟೈಟಿಸ್ ಬಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. 0, 1, 6ನೇ ತಿಂಗಳು. ಈ ಮಾತ್ರೆಗಳ ಮೇಲೆ ಇರುವವರಲ್ಲಿ ಅದು ಸರಿಯಾಗಿ ಹಿಡಿಯದೆ ಹೋಗಬಹುದು. ಅದಕ್ಕೆ ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತದಲ್ಲಿ ಆಂಟಿಬಾಡಿ ನೋಡುತ್ತಾರೆ. 10 ಯೂನಿಟ್‌ಗಿಂತ ಕಡಿಮೆ ಇದ್ದರೆ ಮತ್ತೆ ಕೊಡುತ್ತಾರೆ, ಕೆಲವರಿಗೆ ಡಬಲ್ ಡೋಸ್. ಆಮೇಲೆ ಫ್ಲೂ, ವರ್ಷಕ್ಕೊಂದು. ನಮ್ಮ ಕಡೆ ಮಳೆಗಾಲದಲ್ಲಿ ಫ್ಲೂ ಜಾಸ್ತಿ, ಏಪ್ರಿಲ್-ಮೇನಲ್ಲೇ ಹಾಕಿಸಿದರೆ ಒಳ್ಳೆಯದು. ನ್ಯುಮೋನಿಯಾದ್ದಕ್ಕೆ ಚೀಟಿ ಕಟ್ಟಿಯಾದರೂ ದುಡ್ಡು ಕೂಡಿಸಿ. ಸಾಧ್ಯವಾದರೆ ಇವೆಲ್ಲ ದೊಡ್ಡ ಔಷಧಿ ಶುರುವಾಗುವ ಮುಂಚೆಯೇ ಆಗಲಿ, ಆಗ ಚೆನ್ನಾಗಿ ಹಿಡಿಯುತ್ತದೆ. ಆದರೆ ಲಸಿಕೆಗೆ ಕಾಯುತ್ತಾ ಚಿಕಿತ್ಸೆ ತಡಮಾಡಬೇಡಿ.

ಮೆಡಿಕಲ್ ಶಾಪಿನಿಂದ ನೀವೇ ತರುವುದಾದರೆ ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ ತನ್ನಿ. 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಐಸಿಗೆ ನೇರ ತಾಗಿ ಹೆಪ್ಪುಗಟ್ಟಿದರೂ ಕೆಟ್ಟಿತು. ಸ್ಕೂಟರ್ ಡಿಕ್ಕಿಯಲ್ಲಿಟ್ಟು ತಂದು, ಮಧ್ಯೆ ತರಕಾರಿ ಕೊಂಡು, ಆಮೇಲೆ ಕ್ಲಿನಿಕ್ಕಿಗೆ ಬರುವವರನ್ನು ನೋಡಿದ್ದೇನೆ.

ಎಡಿಸನ್ ಕನ್ನಡಿಗ, ನ್ಯೂಜೆರ್ಸಿ

ಸರ್ಪಸುತ್ತಿನದ್ದನ್ನು ಇಲ್ಲಿ ಇಂಥ ಮಾತ್ರೆಗಳ ಮೇಲೆ ಇರುವವರಿಗೆ 19 ದಾಟಿದರೆ ಹಾಕುತ್ತಾರೆ. 50 ಆಗುವವರೆಗೆ ಕಾಯಿಸುವುದಿಲ್ಲ. ನಿಮ್ಮ ಡಾಕ್ಟರನ್ನು ಕೇಳಿ ನೋಡಿ.

ಹೊಟ್ಟೆಪಾಡು, ವಿಜಯನಗರ

ಸರ್ಕಾರದ 'ನಮ್ಮ ಕ್ಲಿನಿಕ್'‌ಗಳು ಈಗ ಬೆಂಗಳೂರಿನ ಎಷ್ಟೋ ವಾರ್ಡುಗಳಿಗೆ ಬಂದಿವೆ. ಫ್ರಿಜ್ ಇದೆ, ಸಿಸ್ಟರ್ ಇದ್ದಾರೆ. ಇಂಥ ಮಾತ್ರೆಗಳ ಮೇಲೆ ಇರುವವರಿಗೆ, ಕಿಡ್ನಿ ಕಸಿ ಆದವರಿಗೆ, ಕ್ಯಾನ್ಸರಿನವರಿಗೆ ಫ್ಲೂ ಮತ್ತು ಹೆಪಟೈಟಿಸ್ ಬಿ ಅಲ್ಲೇ ಸಿಗುವ ಹಾಗೆ ಮಾಡಿದರೆ ಸರ್ಕಾರಕ್ಕೆ ದೊಡ್ಡ ಖರ್ಚೇನಲ್ಲ ಅಂತ ನನ್ನ ಲೆಕ್ಕ. ಅದಕ್ಕೊಂದು ಮನವಿ ಬರೆಯುತ್ತಿದ್ದೇನೆ, ಸಹಿ ಹಾಕುವವರು ಹೇಳಿ. ಸಂಜೆ ಹೊತ್ತು ಅಥವಾ ಭಾನುವಾರ ಅಂತಲೂ ಸೇರಿಸುತ್ತೇನೆ. ಗಾರ್ಮೆಂಟ್ಸಿನವರು ಒಂದು ದಿನ ರಜೆ ಹಾಕಿದರೆ ಆ ದಿನದ ಕೂಲಿಯ ಜೊತೆ ಹಾಜರಿ ಬೋನಸ್ಸೂ ಹೋಗುತ್ತದೆ. ಲಸಿಕೆ ಫ್ರೀ ಇದ್ದರೂ ಅವರಿಗೆ ಅದು ಫ್ರೀ ಅಲ್ಲ.

ಆ ಇಂಗ್ಲಿಷ್ ಹಾಳೆಯನ್ನು ಕನ್ನಡಕ್ಕೆ ತರುವ ಕೆಲಸವೂ ಅರ್ಧ ಆಗಿದೆ. ಒಂದೇ ಪುಟ, ದಪ್ಪ ಅಕ್ಷರ. ಡಾಕ್ಟ್ರೇ, ನೀವು ಒಮ್ಮೆ ಕಣ್ಣಾಡಿಸುತ್ತೀರಾ?

ಮಕ್ಕಳ ಡಾಕ್ಟ್ರು

ಕಳಿಸಿ. ದೊಡ್ಡವರ ಭಾಗವನ್ನು ಒಬ್ಬ ಗ್ಯಾಸ್ಟ್ರೊ ಡಾಕ್ಟರಿಗೂ ತೋರಿಸೋಣ. ಮನೆಯ ಉಳಿದವರ ಬಗ್ಗೆ ಒಂದು ಸಾಲು ಇರಲಿ. ಗಂಡ, ಮಕ್ಕಳು, ಅತ್ತೆ ಮಾವ ಫ್ಲೂ ಲಸಿಕೆ ಹಾಕಿಸಿಕೊಂಡರೆ ರೋಗಿಗೂ ಅಷ್ಟರಮಟ್ಟಿಗೆ ಕಾವಲು. ಆಫ್ರಿಕಾ ಕಡೆ ಕೆಲಸಕ್ಕೆ ಹೋಗುವವರಿಗೆ ಹಳದಿ ಜ್ವರದ ಲಸಿಕೆ ಕೇಳುತ್ತಾರೆ, ಅದು ಜೀವಂತ, ಹಾಕಿಸಬಾರದು, ಡಾಕ್ಟರಿಂದ ವಿನಾಯಿತಿ ಪತ್ರ ಬೇಕು ಅನ್ನುವುದೂ ಸೇರಲಿ.

ರಾಗಿಮುದ್ದೆ ರೈಡರ್, ಕೆಂಗೇರಿ

ಮನವಿಗೆ ನನ್ನ ಸಹಿ ಇದೆ ಅಕ್ಕ. ಹಾಳೆ ರೆಡಿಯಾದ ಮೇಲೆ ಪ್ರಿಂಟ್ ಹಾಕಿ ಕೊಡಿ, ಆಸ್ಪತ್ರೆಗಳ ಕಡೆ ಆರ್ಡರ್ ಇದ್ದೇ ಇರುತ್ತದೆ, ಹಂಚಿ ಬರುತ್ತೇನೆ. ಡಾಕ್ಟ್ರೇ, ನನ್ನ ಜೊತೆ ರೂಮಲ್ಲಿ ಇನ್ನೂ ಐದು ಜನ ಹುಡುಗರಿದ್ದೇವೆ. ಅವರಿಗೂ ಫ್ಲೂ ಹಾಕಿಸಬೇಕಾ, ನನಗೊಬ್ಬನಿಗೆ ಸಾಕಾ?

ಮಕ್ಕಳ ಡಾಕ್ಟ್ರು

ಮೊದಲು ನೀನು ಹಾಕಿಸಿಕೋ. ಅವರೂ ಹಾಕಿಸಿಕೊಂಡರೆ ಒಳ್ಳೆಯದು. ಯಾರಿಗಾದರೂ ಜ್ವರ ಕೆಮ್ಮು ಬಂದರೆ ಮಾಸ್ಕ್ ಹಾಕಲಿ, ಕಿಟಕಿ ತೆಗೆದಿಡಿ. ಸ್ಟೀರಾಯ್ಡ್ ಮುಗಿಯುವವರೆಗೆ ಅವರ ಪಕ್ಕ ಮಲಗಬೇಡ.